ಮಾವನಿಗೆ ಹತ್ತೊಂಬತ್ತು ತಂಗಿಯರು

ನಮ್ಮ ಸೋದರಮಾವ ಸುಳ್ಳುಗಾರ. ಹೆತ್ತಮ್ಮನ ತಮ್ಮನ ಬಗ್ಗೆ ಹೀಗೆ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಕೊಳ್ಳೇಗಾಲದಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿರುವ ನಾನು ದಾಖಲೆಯಿಲ್ಲದೆ ಒಂದು ಸಾಲನ್ನೂ ಬರೆದವನಲ್ಲ. ಮಾವನ ಸುಳ್ಳಿಗೆ ನನ್ನ ಬಳಿ ನೂರಾ ಎಂಬತ್ತಾರು ದಾಖಲೆಗಳಿವೆ. ಎಲ್ಲದರ ಮೇಲೂ ಮೊಹರು, ಎಲ್ಲದರ ಮೇಲೂ ಅವರದೇ ಸಹಿ. ಇನ್ನೇನು ಬೇಕು?

ಮಾವನ ಊರು ಮಧುವನಹಳ್ಳಿ. ವಯಸ್ಸು ಅರವತ್ತೆರಡು. ಆಸ್ತಿ ಒಂದೂವರೆ ಎಕರೆ ಅರಿಸಿನದ ಹೊಲ ಮತ್ತು ಒಂದು ಹಸು. ಹೆಂಡತಿ ಒಬ್ಬರು. (ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ವಿವಾದಕ್ಕೆ ಒಳಗಾಗಲಿದೆ.) ಉದ್ಯೋಗ: ಕೂತಿರುವುದು.

ಎಲ್ಲಿ ಕೂತಿರುವುದು? ಆಸ್ಪತ್ರೆಯಲ್ಲಿ! ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರರಲ್ಲಿ ಯಾವ ಊರಿನ ಯಾವ ಆಸ್ಪತ್ರೆಯಾದರೂ ಸರಿ. ರೋಗಿಯೊಬ್ಬರು ಒಂಟಿಯಾಗಿ ಬಂದಿರುತ್ತಾರೆ. ನರ್ಸಮ್ಮ ಬಾಗಿಲಲ್ಲಿ ನಿಂತು, "ಪೇಷಂಟ್ ಕಡೆಯವರು ಯಾರ್ರೀ?" ಎಂದು ಕೂಗುತ್ತಾರೆ. ಯಾರೂ ಏಳುವುದಿಲ್ಲ. ಎರಡನೇ ಸಲ ಕೂಗುತ್ತಾರೆ. ಆಗ ಮೂಲೆಯ ಬೆಂಚಿನಿಂದ ಹೆಗಲ ಟವೆಲ್ ಸರಿಮಾಡಿಕೊಳ್ಳುತ್ತಾ ನಮ್ಮ ಮಾವ ಏಳುತ್ತಾರೆ.

"ನಾನೇ ಸಿಸ್ಟರ್."

ಅಲ್ಲಿಗೆ ನೆಂಟಸ್ತಿಕೆ ಕುದುರಿತು! ಆ ಗಳಿಗೆಯಿಂದ ರೋಗಿ ಗುಣವಾಗಿ ಬಸ್ಸು ಹತ್ತುವವರೆಗೆ ಮಾವ ಅವರ ಕಡೆಯವರು. ರೋಗಿಯ ಹೆಸರೇನು, ಜಾತಿಯೇನು, ಯಾವ ಊರು ಎನ್ನುವುದೆಲ್ಲ ಆಮೇಲೆ ಗೊತ್ತಾದರೆ ಆಯಿತು, ಗೊತ್ತಾಗದಿದ್ದರೂ ಆಯಿತು.

"ಅಲ್ಲಿ ಏನು ಮಾಡ್ತೀರಿ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಕೂತಿರ್ತೀನಿ."

"ಕೂತ್ಕೊಂಡು?"

"ಕೂತ್ಕಂಡು ಇನ್ನೇನ್ಲಾ ಮಾಡಾದು? ಅವ್ರು ಕಣ್ ಬುಟ್ಟಾಗ ಎದ್ರುಗೆ ಯಾರಾರ ಒಬ್ರು ಕಾಣ್ಬೇಕಲ್ವಾ? ಅದ್ಕೆ ಕೂತಿರ್ತೀನಿ."

ಈ ಉದ್ಯೋಗಕ್ಕೆ ಒಂದು ಚೀಲವಿದೆ. ಅದರಲ್ಲಿ ಬಿಸಿನೀರಿನ ಫ್ಲಾಸ್ಕು, ಒಂದು ಲೋಟ, ಹೊದಿಕೆ, ಬಾಚಣಿಗೆ, ಹಳೆಯ ಪೇಪರ್ ಮತ್ತು ನಾಲ್ಕು ತರದ ಮೊಬೈಲ್ ಚಾರ್ಜರ್. ಮಾವನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅದಕ್ಕೆ ಈ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ! ಮೂರೂ ಊರಿನ ಆಟೋದವರ ಬಳಿ ಆ ಫೋನಿನ ನಂಬರ್ ಇದೆ. "ಅಣ್ಣೋ, ಒಂದು ಒಂಟಿ ಕೇಸು" ಎಂದು ಅವರು ಹೇಳಿದರೆ ಸಾಕು, ಅರಿಸಿನ ಬೇಯುತ್ತಿರಲಿ, ಹಸು ಈಯುತ್ತಿರಲಿ, ಮಾವ ಚೀಲ ಹೆಗಲಿಗೇರಿಸಿ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ.

ನ್ಯಾಯವಾಗಿ ಒಂದು ಮಾತು ದಾಖಲಿಸಬೇಕು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಮಾತ್ರ ಮಾವ ಸಹಿ ಹಾಕುವುದಿಲ್ಲ. ಅದಕ್ಕೆ ರೋಗಿಯ ಊರಿಗೇ ಹೋಗಿ, ನಿಜವಾದ ನೆಂಟರನ್ನು ಹುಡುಕಿ, ಕೈ ಹಿಡಿದು ಎಳೆದು ತರುತ್ತಾರೆ. ಹಾಗೆ ಬಂದವರು ಆಸ್ಪತ್ರೆಯ ಬಾಗಿಲಲ್ಲಿ ಮಾವನನ್ನು ನೋಡಿ, "ನೀವು ನಮ್ಗೆ ಯಾವ ಕಡೆಯಿಂದ ಆಗ್ಬೇಕು?" ಎಂದು ಕೇಳುವುದುಂಟು.

ಒಂದು ಸಲ ಪಾಲಾರ್ ಕಡೆಯ ಒಬ್ಬ ಹಿರಿಯರು ಕಾಲು ಮುರಿದುಕೊಂಡು ಬಂದಿದ್ದರು. ಅವರಿಗೆ ತಮಿಳು ಬಿಟ್ಟು ಬೇರೆ ಬಾರದು. ಮಾವನಿಗೆ ತಮಿಳಿನಲ್ಲಿ ಬರುವುದು "ವಾಂಗೋ" ಮತ್ತು "ಸಾಪ್ಪಾಡು" ಎರಡೇ. ಆದರೂ ಸಂಬಂಧ ಕೇಳಿದಾಗ "ತಮ್ಮ" ಎಂದು ಬರೆಸಿದರು. ಮೂರು ದಿನ ಅಣ್ಣತಮ್ಮಂದಿರು ಕೈಸನ್ನೆಯಲ್ಲೇ ಸಂಸಾರ ಮಾಡಿದರು. ನಾಲ್ಕನೆಯ ದಿನ ನರ್ಸಮ್ಮನಿಗೆ ಅನುಮಾನ ಬಂತು.

"ಅಲ್ಲಾ ಯಜಮಾನ್ರೇ, ಒಡಹುಟ್ಟಿದ ಅಣ್ಣ ಅಂತೀರಿ. ಒಂದು ಮಾತೂ ಆಡಲ್ವಲ್ಲ?"

ಮಾವ ಒಂದು ಕ್ಷಣವೂ ತಡವರಿಸಲಿಲ್ಲ. "ನಾವಿಬ್ರೂ ಮಾತು ಬುಟ್ಟು ಅತ್ತು ವರ್ಸ ಆಯ್ತು ಸಿಸ್ಟರ್. ಗದ್ದೆ ಬದಿನ ಜಗಳ!"

ನರ್ಸಮ್ಮನ ಕಣ್ಣು ಒದ್ದೆಯಾಯಿತಂತೆ. ಜಗಳವಿದ್ದರೂ ಬಂದು ನೋಡಿಕೊಳ್ಳುತ್ತಿರುವ ತಮ್ಮ! (ಇದನ್ನು ನಾನು ಖುದ್ದು ನೋಡಿದ್ದಲ್ಲ. ಆದರೆ ಎರಡು ಕಡೆಯಿಂದ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.)

ಹೋದ ವರ್ಷ ನನ್ನ ಮೇಜಿಗೆ ಒಂದು ಪ್ರಕಟಣೆ ಬಂತು. ನಿಸ್ವಾರ್ಥವಾಗಿ ದುಡಿಯುವ ಸ್ವಯಂಸೇವಕರಿಗೆ ರಾಷ್ಟ್ರೀಯ ಪ್ರಶಸ್ತಿ, ದೆಹಲಿಯಲ್ಲಿ ಪ್ರದಾನ, ಜಿಲ್ಲೆಯಿಂದ ಅರ್ಜಿ ಆಹ್ವಾನಿಸಲಾಗಿದೆ. ಇಂಥವು ದಿನಕ್ಕೆ ಹತ್ತು ಬರುತ್ತವೆ. ನಾಲ್ಕು ಸಾಲಿಗೆ ಇಳಿಸಿ ಕಳಿಸುವುದು ನನ್ನ ಕೆಲಸ, ಕಳಿಸಿದೆ. ಮಾರನೆಯ ಬೆಳಗ್ಗೆ ಆ ನಾಲ್ಕು ಸಾಲನ್ನು ಪೇಪರಿನಿಂದ ಕತ್ತರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅತ್ತೆ, ಅಂದರೆ ಮಾವನ ಹೆಂಡತಿ, ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು.

"ಇದ್ನ ನಿಮ್ ಮಾವಂಗೆ ಕೊಡ್ಸಪ್ಪ."

"ಅತ್ತೆ, ಇದು ನಾನು ಕೊಡೋದಲ್ಲ, ಸರ್ಕಾರ ಕೊಡೋದು."

"ಪೇಪರ್ನಾಗೆ ಬರ್ದೋನು ನೀನೇ ಅಲ್ವಾ? ಅಂಗಾರೆ ನಿನ್ ಮಾತು ಕೇಳ್ತಾರೆ, ಏಳು."

ಪತ್ರಕರ್ತರ ಬಗ್ಗೆ ಇಷ್ಟು ವಿಶ್ವಾಸ ಇಟ್ಟುಕೊಂಡವರನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. ಕೂರಿಸಿ ಕಾಫಿ ಕೊಟ್ಟೆ. ಅತ್ತೆ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಆರು ವರ್ಷದ ಹಿಂದಿನ ಕಥೆ ತೆಗೆದರು.

ಆರು ವರ್ಷದ ಹಿಂದೆ ಅತ್ತೆಗೆ ಕೊಳ್ಳೇಗಾಲದಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಆ ದಿನ ಬೆಳಗ್ಗೆ ಮಾವನಿಗೆ ಯಳಂದೂರಿನಿಂದ ಫೋನು ಬಂತು. ಕಬ್ಬು ಕಡಿಯಲು ಬಂದಿದ್ದ ಒಬ್ಬ ಪರ ಊರಿನವನಿಗೆ ಹಾವು ಕಚ್ಚಿದೆ, ಜೊತೆಗೆ ಯಾರೂ ಇಲ್ಲ. "ಈಗ್ ಬಂದೆ" ಎಂದು ಹೋದ ಮಾವ ಬರಲಿಲ್ಲ. ಅತ್ತೆ ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ನಮ್ಮಮ್ಮ. ನರ್ಸು, "ನಿಮ್ಮ ಕಡೆಯವರು ಬರಲಿಲ್ವಾ?" ಎಂದು ಕೇಳಿದರಂತೆ. "ಅವ್ರು ಊರೋರ ಕಡೆಯೋರು ಕಣಮ್ಮ, ನನ್ ಕಡೆಯೋರಲ್ಲ" ಎಂದರಂತೆ ಅತ್ತೆ.

ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು ಎಂದು ತಿಳಿಯಬೇಡಿ. ಮಾತು ಜಾಸ್ತಿಯೇ ಆಗಿತ್ತು! ಮಾವ ಎಲ್ಲಿಗೆ ಹೊರಟರೂ, "ಈಗ್ ಬತ್ತೀರಾ? ಆವತ್ತಿನ 'ಈಗ'ನೇ ಇನ್ನೂ ಬಂದಿಲ್ಲ" ಎನ್ನುವುದು ಅತ್ತೆಯ ಬೀಳ್ಕೊಡುಗೆ.

"ಆವತ್ತು ನನ್ ಪಾಲಿಂದು ಯಾರ್ಗೋ ಓಯ್ತು ಕಣಪ್ಪ," ಎಂದರು ಅತ್ತೆ. "ಓಗ್ಲಿ. ಆದ್ರೆ ಓಗಿದ್ದು ಒಳ್ಳೇದಕ್ಕೇ ಅಂತ ಒಂದು ಕಾಗ್ದಾನಾರ ಬೇಡ್ವಾ? ಸರ್ಕಾರದೋರು ಬರ್ದು ಮೊಹರು ಒತ್ತಿ ಕೊಟ್ಬುಡ್ಲಿ. ನಾನೂ ಮರ್ತುಬುಡ್ತೀನಿ."

ನಾನು ಅರ್ಜಿ ತೆರೆದೆ.

ಅರ್ಜಿ ಕಂಪ್ಯೂಟರಿನಲ್ಲಿ ತುಂಬುವಂಥದ್ದು. 'ಸೇವಾ ಕ್ಷೇತ್ರ' ಎಂಬಲ್ಲಿ ಪರಿಸರ, ಶಿಕ್ಷಣ, ಆರೋಗ್ಯ, ವಿಪತ್ತು ನಿರ್ವಹಣೆ ಎಂದೆಲ್ಲ ಇತ್ತು. 'ಕೂತಿರುವುದು' ಎಂದು ಇರಲಿಲ್ಲ. ಆರೋಗ್ಯ ಒತ್ತಿದೆ. 'ಸೇವೆ ಸಲ್ಲಿಸಿದ ಒಟ್ಟು ಗಂಟೆಗಳು' ಎಂಬಲ್ಲಿ ಮಾವನಿಗೆ ಫೋನ್ ಮಾಡಿ ಕೇಳಿದೆ.

"ಗಂಟೆ ಯಾವನ್ಲಾ ನೋಡ್ತನೆ? ಬೇಕಾರೆ ಡ್ರಿಪ್ಪಿನ ಲೆಕ್ಕ ಏಳ್ತೀನಿ. ಮೊನ್ನೆ ಯಳಂದೂರಲ್ಲಿ ಆರು ಬಾಟ್ಲು ಕೂತಿದ್ದೆ."

ಬಾಟಲಿಗಳನ್ನು ಗಂಟೆಗೆ ಇಳಿಸಿ ಬರೆದೆ. ಆಮೇಲೆ 'ಸೇವಾನಿರತರಾಗಿರುವ ಭಾವಚಿತ್ರಗಳು, ಕನಿಷ್ಠ ಮೂರು'. ಅವತ್ತು ಮಾವ ಹನೂರಿನಲ್ಲಿ ಒಬ್ಬರ ಮಗ್ಗುಲಲ್ಲಿ ಕೂತಿದ್ದರು. ಅಲ್ಲಿಗೇ ಹೋದೆ. ರೋಗಿಯ ಮುಖ ಬಾರದಂತೆ ಒಂದು ಫೋಟೋ ತೆಗೆದೆ: ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕೂತಿದ್ದಾನೆ. ಎಡಗಡೆಯಿಂದ ಇನ್ನೊಂದು: ಅದೇ ಮನುಷ್ಯ, ಅದೇ ಸ್ಟೂಲು. ಮೂರನೆಯದರಲ್ಲಿ ತೂಕಡಿಸುತ್ತಿದ್ದರು! ನನಗೆ ತಾಳ್ಮೆ ತಪ್ಪಿತು.

"ಮಾವ, ಏನಾದರೂ ಮಾಡಿ. ಒಂದು ಬಾಳೆಹಣ್ಣು ಸುಲಿದು ಅವರಿಗೆ ತಿನ್ನಿಸೋ ಹಾಗೆ..."

"ಆಯಪ್ಪಂಗೆ ಎರಡು ದಿನ ಏನೂ ಕೊಡ್‌ಬ್ಯಾಡಿ ಅಂದವ್ರೆ ಡಾಕ್ಟ್ರು. ನಿನ್ ಫೋಟಾ ಚೆಂದಾಗಿ ಬರ್ಲಿ ಅಂತ ಸಾಯಿಸ್‌ಬುಡ್ಲಾ?"

ಸ್ಟೂಲಿನ ಫೋಟೋಗಳನ್ನೇ ಸೇರಿಸಿದೆ.

ಅನಂತರ 'ಫಲಾನುಭವಿಗಳಿಂದ ಪ್ರಶಂಸಾ ಪತ್ರ'. ಅಜ್ಜೀಪುರದಲ್ಲಿ ಒಬ್ಬ ಹೆಂಗಸಿದ್ದಾರೆ. ಮಾವ ಹನ್ನೆರಡು ದಿನ ಅವರ ಹಾಸಿಗೆಯ ಪಕ್ಕ ಕೂತಿದ್ದರು ಎಂದು ಹನೂರಿನ ಆಟೋದವರೊಬ್ಬರು ಹೇಳಿದರು. ಅಲ್ಲಿಗೂ ಹೋದೆ. ಆಕೆ ಜೋಳದ ತೆನೆ ಸುಲಿಯುತ್ತಾ ಕೂತಿದ್ದರು. ವಿಷಯ ಹೇಳಿ, ಬಿಳಿ ಹಾಳೆ, ಪೆನ್ನು ಮುಂದಿಟ್ಟೆ.

"ಏನ್ ಬರೀಬೇಕು ಸಾ?"

"ಅವರು ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ರು ಅಂತ ಬರೀರಿ."

ಆಕೆ ಪೆನ್ನನ್ನು ನನ್ನ ಕಡೆಗೇ ತಳ್ಳಿದರು. "ಅಣ್ಣ ತಂಗೀನ ಚೆಂದಾಗಿ ನೋಡ್ಕಂಡ ಅಂತ ಯಾರಾರ ಕಾಗ್ದ ಬರ್ಕೊಡ್ತಾರಾ ಸಾ? ನಾಚ್ಕೆ ಆಗಾಕಿಲ್ವಾ? ಅಣ್ಣಂಗೆ ಈ ಸಲ ಅಬ್ಬಕ್ಕೆ ಬರಾಕೇಳಿ."

ಪ್ರಶಂಸಾ ಪತ್ರದ ಬದಲು ಅರ್ಧ ಮೂಟೆ ಜೋಳದ ತೆನೆ ಹೊತ್ತು ಬಂದೆ. ಕಂಪ್ಯೂಟರಿನಲ್ಲಿ ಅದನ್ನು ಸೇರಿಸಲು ಜಾಗವಿರಲಿಲ್ಲ.

ಇನ್ನೇನು ಕೈಚೆಲ್ಲಬೇಕು, ಆಗ ಅತ್ತೆ ಮಂಚದ ಕೆಳಗಿನಿಂದ ಬಿಸ್ಕತ್ತಿನ ಒಂದು ದೊಡ್ಡ ತಗಡಿನ ಡಬ್ಬ ಎಳೆದು ತಂದರು. "ಇದ್ರಲ್ಲಿ ಎಂಥದೋ ಚೀಟಿ ತುಂಬ್ಕಂಡವ್ರೆ. ಮುಟ್ಟಿದ್ರೆ ಸಿಡುಕ್ತಾರೆ. ನೋಡು, ಬೇಕಾಯ್ತದಾ ಅಂತ."

ನೋಡಿ, ನಾನು ಕುರ್ಚಿಯಿಂದ ಎದ್ದು ನಿಂತೆ! ರೋಗಿಯ ಜೊತೆಗಿರುವವರಿಗೆ ವಾರ್ಡಿನೊಳಗೆ ಹೋಗಲು ಆಸ್ಪತ್ರೆಯವರು ಕೊಡುವ ಪಾಸುಗಳು. ಅಂಗೈ ಅಗಲದ ಚೀಟಿ, ಮೇಲೆ ದಿನಾಂಕ, ಮೊಹರು, ಸಹಿ. ಒಂದನ್ನೂ ಎಸೆದಿರಲಿಲ್ಲ ಪುಣ್ಯಾತ್ಮ! ಎಣಿಸಿದೆ, ನೂರಾ ಎಂಬತ್ತಾರು. ಇದಕ್ಕಿಂತ ಪುರಾವೆ ಬೇಕೆ? ಎಲ್ಲವನ್ನೂ ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿ, ವಿಜಯಿಯಂತೆ ಕಳಿಸಿಕೊಟ್ಟೆ.

ಇಪ್ಪತ್ತೆರಡು ವರ್ಷದ ಅನುಭವ ಆ ದಿನ ಎಲ್ಲಿಗೆ ಹೋಗಿತ್ತೋ! ನಾನು ಚೀಟಿಗಳನ್ನು ಎಣಿಸಿದ್ದೆ. ಓದಿರಲಿಲ್ಲ.

ಅತ್ತೆ ಅದೇ ವಾರ ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆಸಿದರು, ಪ್ರಶಸ್ತಿ ಪತ್ರ ತೂಗುಹಾಕಲು. ಮಾವನಿಗೆ ಆ ಮೊಳೆ ಬಹಳ ಹಿಡಿಸಿತು. ತಮ್ಮ ಆಸ್ಪತ್ರೆ ಚೀಲವನ್ನು ಅದಕ್ಕೆ ತಗುಲಿಹಾಕಿದರು. ಅತ್ತೆ ದಿನಾ ಇಳಿಸುವುದು, ಮಾವ ದಿನಾ ಏರಿಸುವುದು. ಹೀಗೆ ಎರಡು ತಿಂಗಳು ಕಳೆದವು.

ಒಂದು ಬೆಳಗ್ಗೆ ಅರ್ಜಿಯ ಪರಿಶೀಲನೆಗೆಂದು ಜಿಲ್ಲೆಯಿಂದ ಅಧಿಕಾರಿಯೊಬ್ಬರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಕೂತು, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಕಡತ ಬಿಚ್ಚಿದರು. ನಾನೂ ಇದ್ದೆ.

"ಯಜಮಾನ್ರೇ, ನಿಮ್ಮ ಒಡಹುಟ್ಟಿದವರು ಎಷ್ಟು ಜನ?"

"ಒಬ್ಳೇ ಅಕ್ಕ ಸಾ. ಇವ್ನ ತಾಯಿ."

"ಹಾಗಾದ್ರೆ ಈ ಹತ್ತೊಂಬತ್ತು ತಂಗಿಯರು ಯಾರು?"

ಮಾವ ಹಸುವಿನ ಕಡೆ ನೋಡಿದರು. ಅಧಿಕಾರಿ ಜೆರಾಕ್ಸ್ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಪ್ರತಿ ಪಾಸಿನ ಮೇಲೂ 'ರೋಗಿಗೆ ಸಂಬಂಧ' ಎಂಬ ಒಂದು ಖಾನೆ. ಪ್ರತಿ ಖಾನೆಯಲ್ಲೂ ಮಾವ ಏನೋ ಒಂದು ಆಗಿದ್ದರು! ಅಣ್ಣ, ತಮ್ಮ, ಚಿಕ್ಕಪ್ಪ, ದೊಡ್ಡಪ್ಪ, ಭಾವ. ಮೂವರು ಅಜ್ಜಿಯರಿಗೆ ಮೊಮ್ಮಗ. ಒಬ್ಬರಿಗೆ ತಂದೆ.

"ನೂರು ನೋಡಿದೆ, ಅಲ್ಲಿಗೆ ನಿಲ್ಲಿಸಿದೆ," ಎಂದರು ಅಧಿಕಾರಿ. "ಸಾರ್, ಸ್ವಂತ ಕುಟುಂಬದವರಿಗೆ ಮಾಡಿದ್ದನ್ನ ಸ್ವಯಂಸೇವೆ ಅಂತ ತಗೊಳ್ಳೋ ಹಾಗಿಲ್ಲ, ನಿಯಮ. ಇವರು ದಾಖಲೆ ಪ್ರಕಾರ ಹೊರಗಿನವರು ಒಬ್ಬರಿಗೂ ಸೇವೆ ಮಾಡಿಲ್ಲ! ಮತ್ತೆ ಇಲ್ಲಿ ನೋಡಿ, ನಾಲ್ಕು ಕಡೆ 'ಅಳಿಯ' ಅಂತಿದೆ."

ಬಾಗಿಲ ಮರೆಯಲ್ಲಿದ್ದ ಅತ್ತೆ ಈಚೆ ಬಂದರು. "ನಾಕು ಮನೆಗೆ ಅಳಿಯನಾ? ಅಂಗಾರೆ ನಾನು ಎಷ್ಟ್ನೇಯವ್ಳು, ಅದ್ನೂ ನೋಡಿ ಏಳ್‌ಬುಡಿ ಸಾ!"

ಅಧಿಕಾರಿ ನಕ್ಕುಬಿಟ್ಟರು. ನಕ್ಕ ಮೇಲೆ ದಾರಿಯನ್ನೂ ಅವರೇ ತೋರಿಸಿದರು. "ಒಂದು ಅಫಿಡವಿಟ್ ಮಾಡಿಸಿಕೊಡಿ ಸಾಕು. ಇವರಾರೂ ನನ್ನ ಸಂಬಂಧಿಕರಲ್ಲ, ನನಗೂ ಇವರಿಗೂ ಏನೂ ಸಂಬಂಧವಿಲ್ಲ ಅಂತ. ನಾನು ಫೈಲ್ ಮುಂದಕ್ಕೆ ಕಳಿಸ್ತೀನಿ. ಸಿಕ್ಕರೂ ಸಿಗಬಹುದು."

ಅತ್ತೆ ಮೊಳೆಯ ಕಡೆ ನೋಡಿದರು. ನಾನು ಜೇಬಿನಿಂದ ಪೆನ್ನು ತೆಗೆದೆ.

"ಅಂಗೆ ಬರ್ಕೊಡಾಕಾಗಾಕಿಲ್ಲ ಸಾ," ಎಂದರು ಮಾವ.

"ಯಾಕೆ ಮಾವ? ಇರೋ ನಿಜ ಹೇಳೋದು ತಾನೆ?"

"ಏನಂತ ಏಳ್ಲಿ? ಅಜ್ಜೀಪುರದ ಎಣ್ಮಗ್ಳು ಅನ್ನೆರಡು ದಿನ ಅಣ್ಣಾ ಅಂತ ಕರ್ದವ್ಳೆ. ಇವತ್ತು ನೀ ಯಾರೋ, ನಾ ಯಾರೋ ಅಂತ ಮೊಹರು ಒತ್ಸಿ ಬರ್ಕೊಡ್ಲಾ? ಆ ಬಿರುದು ಯಾರಿಗಾರ ಬೇರೇರ್ಗೆ ಕೊಡಿ ಸಾ. ಪಾಪ, ನೀವು ಬಿಸಿಲಲ್ಲಿ ಬಂದಿದ್ರಿ, ಇನ್ನೊಂದ್ ಲೋಟ ಮಜ್ಜಿಗೆ ಕುಡೀರಿ."

ಅಧಿಕಾರಿ ಮಜ್ಜಿಗೆ ಕುಡಿದು, ಕೈಮುಗಿದು ಹೋದರು. ಪ್ರಶಸ್ತಿ ಅಲ್ಲಿಗೆ ಮುಗಿಯಿತು. ಅತ್ತೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಡಬ್ಬ ತಂದು ನೆಲದ ಮೇಲೆ ಸುರುವಿ, ಕನ್ನಡಕ ಏರಿಸಿ, ಚೀಟಿಗಳನ್ನು ಒಂದೊಂದಾಗಿ ಓದತೊಡಗಿದರು. ಏಳನೆಯ ಕ್ಲಾಸಿನವರೆಗೆ ಓದಿದವರು, ನಿಧಾನ. ಆರು ವರ್ಷದ ಹಿಂದೆ ತನ್ನ ಪಾಲಿನದು ಯಾರು ಯಾರಿಗೆ ಹೋಗಿತ್ತು ಎಂದು ಅವರು ಒಬ್ಬೊಬ್ಬರನ್ನೇ ನೋಡಲು ಹೊರಟಂತಿತ್ತು. ಮಾವ ಕಂಬಕ್ಕೆ ಒರಗಿ ಅಪರಾಧಿಯಂತೆ ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಕೈ ನಿಂತಿತು. ಒಂದು ಚೀಟಿಯನ್ನು ನನ್ನತ್ತ ಚಾಚಿದರು. "ಇದ್ನ ಓದು. ನಂಗ್ ಸರ್ಯಾಗಿ ಕಾಣ್ತಿಲ್ಲ."

ಓದಿದೆ. ಆರು ವರ್ಷದ ಹಿಂದಿನ ದಿನಾಂಕ, ಆಪರೇಷನ್ನಿನ ದಿನದ್ದೇ. ರೋಗಿಯ ಹೆಸರು: ಅತ್ತೆಯದು. ಜೊತೆಗಿರುವವರು: ಮಾವ. ರೋಗಿಗೆ ಸಂಬಂಧ: ಗಂಡ.

ಇಲ್ಲಿ ಪತ್ರಿಕಾ ಧರ್ಮದಂತೆ ಒಂದು ತಿದ್ದುಪಡಿ ಪ್ರಕಟಿಸಬೇಕಾಗಿದೆ. ಮಾವನ ಸುಳ್ಳಿಗೆ ನೂರಾ ಎಂಬತ್ತಾರು ದಾಖಲೆಗಳಿವೆ ಎಂದು ಮೊದಲಿಗೆ ಬರೆದದ್ದು ತಪ್ಪು. ಸುಳ್ಳು ನೂರಾ ಎಂಬತ್ತೈದು. ಒಂದು ನಿಜ.

"ಬಂದಿದ್ರಾ?" ಎಂದರು ಅತ್ತೆ.

"ಬಂದಿದ್ದೆ. ನಿನ್ನ ಒಳೀಕೆ ಕರ್ಕಂಡೋಗಿದ್ರು. ಅಕ್ಕ ಔಷ್ದಿ ತರಾಕೆ ಓಗಿದ್ಲು. ಬಾಗ್ಲಲ್ಲೇ ಕೂತಿದ್ದೆ. ಡಾಕ್ಟ್ರು ಈಚೀಕ್ ಬಂದು, ಏನೂ ಬಯ ಇಲ್ಲ, ಚೆಂದಾಗವ್ರೆ ಅಂದ್ರು. ಆಮ್ಯಾಕೆ ವಾಪಸ್ ಯಳಂದೂರಿಗೆ ಓದೆ."

"ನಾ ಕಣ್ ಬುಡಾಗಂಟ ಇರ್ಬೇಕು ಅನ್ನುಸ್ಲಿಲ್ವಾ?"

"ನೀನು ಕಣ್ ಬುಟ್ರೆ ಅಕ್ಕ ಕಾಣ್ತಾಳೆ ಅಂತ ಗೊತ್ತಿತ್ತು. ಆಯಪ್ಪ ಕಣ್ ಬುಟ್ರೆ ಬರೀ ಗೋಡೆ ಕಣೆ."

ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿದರು. "ಇದ್ನ ಆರು ವರ್ಸದಿಂದ ಏಳಾಕೇನಾಗಿತ್ತು ನಿಮ್ಗೆ?"

"ಏಳಿದ್ರೆ, ಬಂದೂ ಬುಟ್ ಓದ್ರಾ ಅಂತ ಇನ್ನೂ ಜಾಸ್ತಿ ಬಯ್ತಿದ್ದೆ."

ಅದು ಸತ್ಯ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಅತ್ತೆ ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಲಿಲ್ಲ. ನಾಲ್ಕಾಗಿ ಮಡಚಿ, ಹಿಂದೊಮ್ಮೆ ಪೇಪರಿನ ತುಂಡನ್ನು ಕಟ್ಟಿಕೊಂಡು ಬಂದಿದ್ದ ಹಾಗೆಯೇ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಅಷ್ಟರಲ್ಲಿ ಮಾವನ ಫೋನು ಹೊಡೆದುಕೊಂಡಿತು. ಹನೂರಿನ ಆಟೋದವರು. ಯಾರೋ ಹೆಂಗಸು, ಒಬ್ಬರೇ ಬಂದಿದ್ದಾರೆ. ಮಾವ ಎಂದಿನಂತೆ "ಬಂದೆ" ಎನ್ನಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಅತ್ತೆಯ ಮುಖ ನೋಡಿದರು.

ಅತ್ತೆ ಎದ್ದು ಹೋಗಿ ಮೊಳೆಯಿಂದ ಚೀಲ ಇಳಿಸಿದರು. ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿ ನೋಡಿ, ಮುಖ ಸಿಂಡರಿಸಿ, ತೊಳೆದು, ಬಿಸಿನೀರು ತುಂಬಿಸಿದರು. ಚೀಲಕ್ಕೆ ಇನ್ನೊಂದು ಲೋಟ ಹಾಕಿದರು.

"ಚೀಟೀಲಿ ಏನಾಗ್ಬೇಕು ಅಂತ ಬರುಸ್ತೀರಿ?"

"ತಂಗಿ ಅಂತ," ಎಂದರು ಮಾವ, ಮೆಲ್ಲಗೆ.

"ಅಂಗಾರೆ ನಂಗೆ ನಾದ್ನಿ ಆಗ್ಬೇಕು. ತಡೀರಿ, ಸೀರೆ ಬದ್ಲಾಯಿಸ್ಕಂಡು ಬತ್ತೀನಿ."